ಮಂಗಲ ಕಾರ್ಯಾಲಯದಲ್ಲಿ ಹತ್ತು ಗೊಂಬೆ

ಇವತ್ತಾದರೂ ಗಂಭೀರವಾಗಿ ಕೆಲಸ ಮಾಡಬೇಕು ಅಂತ ನಾನು ಕೊರಳಿಗೆ ಸೀಟಿ ಹಾಕಿಕೊಂಡು ಹೊರಟ ದಿನವೇ ಏನಾದರೊಂದು ನಗೆಪಾಟಲು ದಾರಿಯಲ್ಲಿ ಕಾದು ಕೂತಿರುತ್ತದೆ. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದಿದೆ. ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ, ಅಂದರೆ ಊರವರ ಬಾಯಲ್ಲಿ ಪೀಟಿ ಮಾಸ್ತರ. ಮೂಲತಃ ಮುರಗೋಡದ ಪುರೋಹಿತರ ಮನೆತನ. ಮುತ್ತಜ್ಜ ಶಂಖ ಊದಿದ, ಅಜ್ಜ ಶಂಖ ಊದಿದ, ಎಂಬತ್ತರ ಹತ್ತಿರ ಬಂದ ಅಪ್ಪ ಈಗಲೂ ಊದುತ್ತಾನೆ. ನಾನು ಸೀಟಿ ಊದುತ್ತೇನೆ.

"ಊದೋ ಮನೆತನ ಅದ, ಊದು. ಆದ್ರ ನಮ್ಮ ಶಂಖದ ಧ್ವನಿ ದೇವರಿಗೆ ಮುಟ್ಟತದ. ನಿನ್ನ ಸೀಟಿ ಯಾರಿಗೆ ಮುಟ್ಟತದೋ?" ಅನ್ನುವುದು ಅಪ್ಪನ ಖಾಯಂ ಪ್ರಶ್ನೆ. ಹುಡುಗರಿಗೇ ಮುಟ್ಟುವುದಿಲ್ಲ ಅನ್ನುವ ನಿಜವನ್ನು ನಾನು ಅವನಿಗೆ ಹೇಳಿಲ್ಲ. ಇಷ್ಟು ವರ್ಷದಲ್ಲಿ ನಾನು ಆಡಿಸಿದ ಒಂದು ಆಟವನ್ನೂ ಅವನು ನೋಡಲು ಬಂದವನಲ್ಲ. ಅದು ನನಗೆ ಬೇಜಾರಿನ ಸಂಗತಿಯೇ.

ಈಗ ಹೇಳುವುದೆಲ್ಲ ಬೌಲಿಂಗಿನ ಪ್ರಸಂಗ. ಬೌಲಿಂಗ್ ಅಂದೊಡನೆ ಕ್ರಿಕೆಟ್ಟು ಅಂದುಕೊಳ್ಳಬೇಡಿ. ಮೂರು ತೂತಿನ ಭಾರದ ಚೆಂಡನ್ನು ನೆಲದ ಮೇಲೆ ಉರುಳಿಸಿ, ಆ ತುದಿಯಲ್ಲಿ ತ್ರಿಕೋನವಾಗಿ ನಿಲ್ಲಿಸಿದ ಹತ್ತು ಮರದ ಗೊಂಬೆಗಳನ್ನು ಕೆಡವುವ ಆಟ. ಬೆಂಗಳೂರಿಗೆ ತರಬೇತಿಗೆ ಹೋದಾಗ ನೋಡಿದೆ, ಮರುಳಾದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲೂಕಿನ ಹೈಸ್ಕೂಲು ಮಕ್ಕಳಿಗೆ ಒಂದು ಪಂದ್ಯಾವಳಿ ಮಾಡಲೇಬೇಕು ಅಂತ ತಲೆಯಲ್ಲಿ ಹುಳ ಹೊಕ್ಕಿತು. ಗೆದ್ದವರು ಬೆಂಗಳೂರಿನ ರಾಜ್ಯಮಟ್ಟದ ಪಂದ್ಯಕ್ಕೆ ಹೋಗಬಹುದಿತ್ತು. ಆದರೆ ನಾಲ್ಕೂ ತಾಲೂಕು ಸೇರಿ ಒಬ್ಬರಿಗೆ ಮಾತ್ರ ಜಾಗ. ಮುಂದಿನ ಎಲ್ಲ ಗದ್ದಲಕ್ಕೂ ಮೂಲ ಆ ಒಂದು ಜಾಗ.

೧. ಬೀಳದ ಗೊಂಬೆ

ಚೆಂಡು ಬೆಳಗಾವಿಯಲ್ಲಿ ಮುಚ್ಚಿಹೋದ ಒಂದು ಆಟದಂಗಡಿಯಿಂದ ಹಳೆಯದೇ ಸಿಕ್ಕಿತು. ಗೊಂಬೆ ಸಿಗಲಿಲ್ಲ. ನಮ್ಮೂರ ಬಡಿಗ ಕಾಕಾನ ಹತ್ತಿರ ಹೋಗಿ ಫೋಟೋ ತೋರಿಸಿದೆ. ಕಾಕಾ ಅಂದರೆ ಸಾಮಾನ್ಯನಲ್ಲ. ಸುತ್ತ ಹತ್ತೂರಿನ ಮಂಚ, ತೊಟ್ಟಿಲು ಅವನ ಕೈಯವು. ಜಾಲಿ ಕಟ್ಟಿಗೆಯಲ್ಲಿ ಹತ್ತು ಗೊಂಬೆ ಕಡೆದುಕೊಟ್ಟ. ನೋಡಲು ಎರಡು ಕಣ್ಣು ಸಾಲದು. ನುಣುಪು, ಹೊಳಪು, ಒಂದರಂತೆ ಇನ್ನೊಂದು.

ಒಂದು ವಾರ ಶಾಲೆಯ ಮೋಟು ಪಡಸಾಲೆಯಲ್ಲಿ ಮಕ್ಕಳು ಚೆಂಡು ಉರುಳಿಸಿದರು. ಒಂದೂ ಬೀಳಲಿಲ್ಲ. ಚೆಂಡು ಸೀದಾ ಹೋಗಿ, ಡಬ್ ಅಂತ ಬಡಿದು, ಗೊಂಬೆಯ ಕಾಲಿಗೆ ಬಿದ್ದವರ ಹಾಗೆ ಅಲ್ಲೇ ನಿಂತುಬಿಡುತ್ತಿತ್ತು. ಎಂಟನೇ ದಿನ ಗೊಂಬೆ ಎತ್ತಿ ನೋಡಿದೆ. ಬುಡ ಬೀಸುವ ಕಲ್ಲಿನಷ್ಟು ಅಗಲ.

"ಕಾಕಾ, ಒಂದೂ ಬೀಳವಲ್ದಲ್ಲ?" ಅಂದೆ.

ಕಾಕಾ ಎದೆ ಉಬ್ಬಿಸಿದ. "ಹೆಂಗ ಬೀಳತಾವ್ರಿ ಮಾಸ್ತರ? ನಾ ಮಾಡಿದ ಮಂಚದ ಮ್ಯಾಲ ಮೂರು ತಲಿಮಾರು ಮಲಗಿ ಎದ್ದೈತಿ. ಒಂದ ಕಾಲರ ಅಲಗಾಡೈತೇನ ಕೇಳ್ರಿ."

"ಅಯ್ಯೋ, ಬೀಳಬೇಕು ಕಾಕಾ. ಬೀಳಲಿಕ್ಕಂತನ ಮಾಡಿಸಿದ್ದು."

ಕಾಕಾನ ಮುಖ ಹುಳ್ಳಗಾಯಿತು. "ಬೀಳೂವಂಥಾ ಸಾಮಾನ ಮಾಡೂದು ನಮ್ಮಪ್ಪ ನನಗ ಕಲಿಸಿಲ್ರಿ" ಅಂದ.

ಹದಿನೈದು ದಿನ ಬೆನ್ನು ಹತ್ತಿದೆ. ಕೊನೆಗೆ ಬುಡ ಸಣ್ಣ ಮಾಡಿದ ಇನ್ನೊಂದು ಹತ್ತು ಗೊಂಬೆಗಳನ್ನು ಟವೆಲ್ಲಿನಲ್ಲಿ ಸುತ್ತಿ, ಹಿಂದಿನ ಬಾಗಿಲಿಂದ ತಂದುಕೊಟ್ಟ. "ನಾ ಮಾಡೀನಂತ ಯಾರ ಮುಂದೂ ಹೇಳಬ್ಯಾಡ್ರಿ. ಮನ್ಯಾಗ ಇನ್ನಾ ಒಬ್ಬ ಮಗಂದು ಲಗ್ನ ಆಗೂದೈತಿ" ಅಂತ ಕೈಮುಗಿದ.

ಆದರೂ ಪಂದ್ಯ ಶುರುವಾದ ಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಮೊದಲ ಸಾಲಿನ ಮೊದಲ ಕುರ್ಚಿ ಅವನದೇ. ಎಲ್ಲರೂ ತಂತಮ್ಮ ಮಕ್ಕಳ ಅಭಿಮಾನಿಗಳಾದರೆ ಇವನು ಗೊಂಬೆಗಳ ಅಭಿಮಾನಿ. ಒಂದು ಗೊಂಬೆ ತೂರಾಡಿ ಬೀಳದೆ ನಿಂತರೆ "ಶಾಬಾಸ್ ನನ್ನ ಮಗನ!" ಅಂತ ಎದ್ದು ನಿಂತು ಚಪ್ಪಾಳೆ. ಬಿದ್ದರೆ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಮೊದಲ ದಿನ ನಮ್ಮೂರಿನ ಒಬ್ಬ ಹುಡುಗ ಒಂದೇ ಏಟಿಗೆ ಹತ್ತೂ ಕೆಡವಿದ. ಇಡೀ ಬೈಲಹೊಂಗಲ ಕುಣಿಯಿತು. ಕಾಕಾ ಮಾತ್ರ ಸುಮ್ಮನೆ ಎದ್ದು ಹೋಗಿ, ಹುಡುಗನ ತಾಯಿಯ ಮುಂದೆ ನಿಂತು ಹೇಳಿದ:

"ತಂಗೀ, ಮಗಗ ಒಂದೀಟು ಬುದ್ಧಿ ಹೇಳವಾ. ಈ ವಯಸ್ಸಿನಾಗ ಇಷ್ಟ ಸಿಟ್ಟು ಇರಬಾರ್ದು."

೨. ಬೀಗರ ಮುನಿಸು

ಆಟಕ್ಕೆ ನುಣುಪಾದ ಉದ್ದನೆಯ ನೆಲ ಬೇಕು. ಶಾಲೆಯ ಬಯಲಿನಲ್ಲಿ ಉರುಳಿಸಿದರೆ ಚೆಂಡು ಎರೆಮಣ್ಣಿನಲ್ಲಿ ಹೂತು ಕೂರುತ್ತದೆ. ಅಂಥ ನೆಲ ಊರಲ್ಲಿ ಇದ್ದದ್ದು ಒಂದೇ ಕಡೆ, ಊರ ಸಾವಕಾರ್ರ ಮಂಗಲ ಕಾರ್ಯಾಲಯದಲ್ಲಿ, ಅಂದರೆ ಕಲ್ಯಾಣಮಂಟಪದಲ್ಲಿ. ಆಷಾಢದಲ್ಲಿ ಲಗ್ನವಿಲ್ಲ. ಸಾವಕಾರ್ರು ಬಾಗಿಲಲ್ಲಿ ನೊಣ ಹೊಡೆಯುತ್ತ ಕೂತಿದ್ದರು. ವಾಜಂತ್ರಿಯವರು, ಅಂದರೆ ಲಗ್ನದಲ್ಲಿ ಓಲಗ ಊದುವವರು, ಕಟ್ಟೆಯ ಮೇಲೆ ಮಲಗಿದ್ದರು. ಲಗ್ನದ ಅಡಿಗೆಯವರು ಇಸ್ಪೀಟು ಆಡುತ್ತಿದ್ದರು. ಆಷಾಢದಲ್ಲಿ ಕೆಲಸವಿಲ್ಲದೆ ಕೂರುವ ಇನ್ನೊಬ್ಬ ನಮ್ಮಪ್ಪ, ಅವನು ಮುರಗೋಡದಲ್ಲಿದ್ದ.

ಸಾವಕಾರ್ರು ಖುಷಿಯಿಂದ ಒಪ್ಪಿದರು. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಶುರು, ಆಷಾಢ ಮುಗಿಯುವ ನಾಗರ ಅಮಾವಾಸ್ಯೆಗೆ ಫೈನಲ್ ಅಂತ ನಿಕ್ಕಿಯಾಯಿತು. ನಡುವಿನ ದಾರಿ ಖುಲ್ಲಾ ಬಿಟ್ಟು ಎರಡೂ ಕಡೆ ಕುರ್ಚಿ ಹಾಕಿದೆವು. ವಧೂವರರ ವೇದಿಕೆಯ ಮುಂದೆ ಗೊಂಬೆ, ಹಿಂದೆ ಚೆಂಡು ತಡೆಯಲು ಬೀಗರು ಮಲಗುವ ಗಾದಿಗಳು.

ಆದರೆ ಸಾವಕಾರ್ರ ತಾಯಿ, ಎಲ್ಲರ ಬಾಯಲ್ಲಿ ಅವ್ವಾರು, ಒಂದು ಷರತ್ತು ಹಾಕಿದರು. "ಕಾರ್ಯಾಲಯದಾಗ ಮಂದಿ ಕೂಡತೈತಿ, ಅಕ್ಕಿಕಾಳು ಇಲ್ಲಂದ್ರ ಹೆಂಗೋ ಮಾಸ್ತರಾ? ಬಣಬಣ ಅಂತೈತಿ." ಹಾಗಾಗಿ ಬಾಗಿಲಲ್ಲಿ ಅರಿಷಿಣ ಹಚ್ಚಿದ ಅಕ್ಕಿಕಾಳಿನ, ಅಂದರೆ ಅಕ್ಷತೆಯ, ತಾಟು ಬಂತು. ಒಳಗೆ ಬರುವವರು ರೂಢಿಯಂತೆ ಒಂದೊಂದು ಚಿಟಿಕೆ ಹಿಡಿದುಕೊಂಡು ಕೂರುವರು. ಆಟ ಮುಗಿದು ನಾನು ಕೈ ಎತ್ತಿದರೆ ವಾಜಂತ್ರಿಯವರು ಗಟ್ಟಿಮೇಳ ಬಾರಿಸಬೇಕು, ಆಗ ಜನ ಗೆದ್ದವರ ಮೇಲೆ ಅಕ್ಕಿಕಾಳು ಒಗೆಯಬೇಕು, ಅಲ್ಲಿತನಕ ಒಂದು ಕಾಳೂ ಬೀಳಕೂಡದು. ಹೀಗೆ ನಾನೊಂದು ನಿಯಮ ಮಾಡಿದೆ.

ಕಾರ್ಯಾಲಯದ ಗಾಳಿಯೇ ಅಂಥದ್ದೋ ಏನೋ. ಎರಡನೇ ದಿನ ಕಿತ್ತೂರಿನ ಬಸ್ಸು ಬಂತು. ಜನ ಇಳಿದರು, ಒಳಗೆ ಬರಲೊಲ್ಲರು. ಗೇಟಿನ ಹೊರಗೆ ಮುಖ ಬಿಗಿದುಕೊಂಡು ನಿಂತಿದ್ದಾರೆ. ಮುಂದೆ ಅವರ ತಂಡದ ಪೀಟಿ ಟೀಚರು. ಅವರನ್ನು ಎಲ್ಲರೂ ಅಕ್ಕೋರು ಅನ್ನುತ್ತಿದ್ದರು. ನಾನು ದೂರದಿಂದಲೇ ಸೀಟಿ ಊದಿ ಕೈ ಬೀಸಿದೆ.

"ಬೀಗರನ್ನ ಸೀಟಿ ಊದಿ ಕರೀತಾರೇನ್ರಿ?" ಅಂದರು ಅಕ್ಕೋರು. "ಎದುರುಗೊಳ್ಳಾಕ ಒಬ್ಬರೂ ಬರಲಿಲ್ಲ. ಒಂದು ವಾಜಂತ್ರಿ ಇಲ್ಲ, ಒಂದು ಪನ್ನೀರಿಲ್ಲ. ನಮ್ಮ ಹುಡಿಗ್ಯಾರು ಏನು ಹಾದ್ಯಾಗ ಬಿದ್ದಾರೇನು?"

ಆಟ ತಡವಾಗುತ್ತದೆ ಅಂತ ನಾನು ಸೋತೆ. ವಾಜಂತ್ರಿಯವರನ್ನು ಎಬ್ಬಿಸಿ, ಪನ್ನೀರು ಚಿಮುಕಿಸಿ, ಸಕ್ಕರೆ ಕೊಟ್ಟು ಕರೆತಂದೆವು. ಅಷ್ಟರಲ್ಲಿ, ಮುಂಜಾನೆಯೇ ತಣ್ಣಗೆ ಬಂದು ಕೂತಿದ್ದ ರಾಮದುರ್ಗದವರು ಸಾಲಾಗಿ ಎದ್ದರು. "ಎಲ್ಲಿಗ್ರಿ?" ಅಂದೆ. "ನಾವೂ ಹೊರಗ ನಿಂದರತೇವ್ರಿ, ಕರೀರಿ" ಅಂದರು. ಅವರನ್ನು ಕರೆತರುವಷ್ಟರಲ್ಲಿ ಸವದತ್ತಿಯವರು ಹೊರಗೆ. ಅವರಿಗೂ ಓಲಗವಾಯಿತು. ಬೆವರೊರೆಸಿಕೊಂಡು ತಿರುಗಿ ನೋಡುತ್ತೇನೆ, ಕಾರ್ಯಾಲಯದ ಎದುರಿಗೇ ಮನೆ ಇರುವ ನಮ್ಮ ಬೈಲಹೊಂಗಲದ ಮಂದಿಯೂ ಗೇಟಿನ ಹೊರಗೆ ನಿಂತಿದ್ದರು, ಮುಂದೆ ಸ್ವತಃ ಸಾವಕಾರ್ರು.

೩. ಭಂಡಾರದ ಚೆಂಡು

ಚೆಂಡು ಒಂದೇ ಇದ್ದದ್ದರಿಂದ ಪಂದ್ಯಗಳ ನಡುವೆ ತಾಲೂಕಿಗೆ ಮೂರು ದಿನದಂತೆ ಅಭ್ಯಾಸಕ್ಕೆ ಕೊಡುತ್ತಿದ್ದೆವು. ಸವದತ್ತಿಗೆ ಕರಿಯ ಚೆಂಡು ಹೋಯಿತು, ಹಳದಿ ಚೆಂಡು ಬಂತು.

"ಇದೇನವಾ?" ಅಂತ ಚೆಂಡು ತಂದ ತಾಯಂದಿರನ್ನು ಕೇಳಿದೆ.

"ಗುಡ್ಡಕ್ಕ ಒಯ್ದಿದ್ವಿರಿ ಸರ. ಎಲ್ಲಮ್ಮನ ಪಾದಕ್ಕ ಮುಟ್ಟಿಸಿ ಭಂಡಾರ ಹಚ್ಚಿಸಿಕೊಂಡು ಬಂದಿವಿ. ನಮ್ಮ ಒಬ್ಬರ ಸಲುವಾಗಿ ಅಲ್ಲರಿ, ನಾಕೂ ತಾಲೂಕಿನ ಹೆಸರಲೇ ಬೇಡಿಕೊಂಡೇವಿ."

ಹೀಗೆ ಹೇಳಿದ ಮೇಲೆ ಯಾರು ಏನು ಮಾತಾಡಬೇಕು? ಮೂರು ಸಲ ಒರೆಸಿದರೂ ಅರಿಷಿಣ ಹೋಗಲಿಲ್ಲ. ಮೂರು ತೂತಿನಲ್ಲೂ ಭಂಡಾರ ಗಟ್ಟಿಯಾಗಿ ಕೂತಿತ್ತು. ಆದರೆ ದೇವಿ ಕಣ್ಣು ತೆರೆದಳು ಅಂತಲೇ ಹೇಳಬೇಕು. ಅಲ್ಲಿಯತನಕ ನಮಗೊಂದು ದೊಡ್ಡ ತಲೆನೋವಿತ್ತು. ಕಾಕಾ ಮಾಡಿದ ಹೊಸ ಗೊಂಬೆಗಳ ಬುಡ ಎಷ್ಟು ಸಣ್ಣದೆಂದರೆ ಫ್ಯಾನಿನ ಗಾಳಿಗೂ ಒಂದೊಂದು ಬೀಳುತ್ತಿತ್ತು. ಚೆಂಡಿಗೆ ಬಿತ್ತೋ ಗಾಳಿಗೆ ಬಿತ್ತೋ ಅಂತ ದಿನವೂ ಜಗಳ. ಈಗ ಹಳದಿ ಚೆಂಡು ಬಡಿದ ಗೊಂಬೆಗೆ ಹಳದಿ ಕಲೆ ಹತ್ತತೊಡಗಿತು. ಕಲೆ ಇದ್ದರೆ ಚೆಂಡಿಗೆ ಬಿದ್ದದ್ದು, ಇಲ್ಲದಿದ್ದರೆ ಗಾಳಿಗೆ. ನಾನು ಕೂಡಲೇ ನಿಯಮದ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದೆ: ಹಳದಿ ಹತ್ತಿದ ಗೊಂಬೆ ಬಿದ್ದಂತೆ.

ಮರುದಿನವೇ ಸವದತ್ತಿಯ ಒಬ್ಬ ಹುಡುಗ ಚೆಂಡು ಬಿಟ್ಟ. ನಾಲ್ಕು ಬಿದ್ದವು, ಆರು ನಿಂತವು. ನಾನು ನಾಲ್ಕು ಅಂತ ಬರೆದೆ. ಹುಡುಗ ಬಂದು ವಿನಯದಿಂದ ಹೇಳಿದ, "ಸರ್, ಇನ್ನೊಂದಕ್ಕ ಹಳದಿ ಹತ್ತೈತ್ರಿ. ಐದು ಬರೀರಿ."

"ಅದು ನಿಂತದಲ್ಲೋ!"

"ನಿಂತೈತ್ರಿ. ಆದ್ರ ನಿಮ್ಮ ಪುಸ್ತಕದ ಪ್ರಕಾರ ಬಿದ್ದೈತ್ರಿ."

ಪುಸ್ತಕ ತೆಗೆದು ನೋಡಿದೆ. ಹುಡುಗ ಹೇಳಿದ್ದು ಸರಿ. ಏನು ಮಾಡಲಿ ಅಂತ ತಲೆ ಕೆರೆದುಕೊಳ್ಳುವಷ್ಟರಲ್ಲಿ ಬಡಿಗ ಕಾಕಾ ಓಡಿಬಂದು ಆ ಗೊಂಬೆಯನ್ನು ಅಪ್ಪಿಕೊಂಡು ಗುಡುಗಿದ:

"ನನ್ನ ಮಗ ಎರಡೂ ಕಾಲ ಮ್ಯಾಲ ನಿಂತಾನ. ಬಿದ್ದಾನಂತ ಬರದೀರಿ ಅಂದ್ರ ನಿಮ್ಮ ಕೈ ಸೇದಿಹೋಗತೈತಿ!"

ಒಂದೂ ಕಾಲಿಲ್ಲದ ಗೊಂಬೆಯ ಎರಡು ಕಾಲಿಗೆ ಹೆದರಿ ನಾಲ್ಕೇ ಬರೆದೆ.

೪. ಅಜ್ಜನ ಎತ್ತು, ಮೊಮ್ಮಗಳ ಚೆಂಡು

ರಾಮದುರ್ಗ ತಾಲೂಕಿನ ಪರವಾಗಿ ಆಡುತ್ತಿದ್ದವಳು ಕಟಕೋಳದ ಒಬ್ಬ ಹುಡುಗಿ. ಒಂಬತ್ತನೇ ತರಗತಿ. ಒಂದು ದಿನ ಮಕ್ಕಳಿಗೆ ಬೆಂಗಳೂರಿನ ಆಟದ ಮನೆಯ ವರ್ಣನೆ ಮಾಡುತ್ತ, ಅಲ್ಲಿ ಚೆಂಡನ್ನು ಯಾರೂ ಹೊತ್ತು ತರುವುದಿಲ್ಲ, ಗೊಂಬೆ ಕೆಡವಿದ ಚೆಂಡು ನೆಲದೊಳಗೆ ಹೊಕ್ಕು ತಾನಾಗಿಯೇ ತಿರುಗಿ ಬರುತ್ತದೆ ಅಂದೆ. ಎಲ್ಲರೂ ನಕ್ಕರು. ಇವಳು ನಗಲಿಲ್ಲ.

"ಖರೇನ ಸರ್? ಹೇಳಿ ಕಳಿಸದಂಗ ತಾನ ಬರತೈತಿ?"

"ಖರೇನವಾ. ನಾನ ಕಣ್ಣಾರೆ ನೋಡೇನಿ."

ಹಿಂದೆ ಅವಳ ಅಜ್ಜ ಕೂತಿದ್ದ. ಹೊಲ ಮನೆಯ ಕೆಲಸದಿಂದ ಬಿಡುವಾದಾಗಲೆಲ್ಲ ಮೊಮ್ಮಗಳ ಹಿಂದೆ ಬರುತ್ತಿದ್ದ ರೈತ. "ಮಾಸ್ತರ, ಹುಡುಗೂರ ಮುಂದ ಸುಳ್ಳ ಹೇಳಬ್ಯಾಡ್ರಿ. ಬಿಟ್ಟು ಬಂದದ್ದು ತಾನಾಗೇ ತಿರಗಿ ಬರೂದು ಬೆಕ್ಕು ಒಂದ" ಅಂದ.

ಅವತ್ತಿನಿಂದ ಹುಡುಗಿಗೆ ಒಂದೇ ಧ್ಯಾನ. ಬಹುಮಾನದ ಕಪ್ಪು ಬೇಡ, ಹೆಸರು ಬೇಡ. ಆ ಚೆಂಡು ತಿರುಗಿ ಬರುವುದನ್ನು ನೋಡಬೇಕು. "ಗೆದ್ರ ನೋಡತೇನಿ ಸರ್. ಸೋತ್ರ ನೀವು ಹೇಳಿದ್ದು ಖರೇನೋ ಸುಳ್ಳೋ ಅಂತ ಜೀವಮಾನ ಇಡೀ ವಿಚಾರ ಮಾಡ್ಕೋತ ಕುಂದ್ರಬೇಕಾಗತೈತಿ" ಅಂದಳು. ಅಲ್ಲಿಂದ ನನ್ನ ಮರ್ಯಾದೆಯೂ ಅವಳ ಚೆಂಡಿನ ಜೊತೆ ಉರುಳತೊಡಗಿತು.

ಅವಳ ಆಟದ ವಿಶೇಷವೆಂದರೆ ನಿಧಾನ. ಎರಡೂ ಕೈಯಿಂದ, ಕೂಸನ್ನು ತೊಟ್ಟಿಲಿಗೆ ಹಾಕಿದ ಹಾಗೆ ಚೆಂಡನ್ನು ನೆಲಕ್ಕೆ ಬಿಡುವಳು. ಅದು ಹೊರಟಿತೋ ಇಲ್ಲವೋ ಅಂತ ಬಗ್ಗಿ ನೋಡಬೇಕು. ಅದು ತಲುಪುವಷ್ಟರಲ್ಲಿ ಜನ ಚಹಾ ಕುಡಿದು ಬಂದು ಕೂರುತ್ತಿದ್ದರು. ಆದರೆ ತಲುಪಿದ ಮೇಲೆ ಗೊಂಬೆಗಳು ಒಂದರ ಮೇಲೊಂದು ನಿದ್ದೆ ಬಂದವರಂತೆ ಒರಗುತ್ತಿದ್ದವು.

ಅಜ್ಜ ಸುಮ್ಮನೆ ಕೂರುವವನಲ್ಲ. ಚೆಂಡು ಹೊರಟಿತೆಂದರೆ ಎತ್ತು ಹೊಡೆಯುವ ಹಾಗೆ ಕೂಗುವನು. "ಹೋಯ್! ಬಲಕ್ಕ, ಬಲಕ್ಕ! ಹಾಂ, ಸೀದಾ ನಡಿ ನನ್ನ ರಾಜಾ! ಅಲ್ಲೇ ಎಡಕ್ಕ ಹೊಳ್ಳು!" ಸುಳ್ಳಲ್ಲ, ಚೆಂಡು ಹೊರಳುತ್ತಿತ್ತು. ನೆಲದ ಇಳಿಜಾರೋ, ಅವಳ ಕೈಗುಣವೋ, ನನಗೆ ಗೊತ್ತಿಲ್ಲ.

ಕಿತ್ತೂರಿನ ಅಕ್ಕೋರು ತಕರಾರು ತೆಗೆದರು. "ಆಡಾಕಿ ಮೊಮ್ಮಗಳೋ ಅಜ್ಜನೋ? ಮತ್ತ ಆ ಚೆಂಡು ಮುಟ್ಟೂದ್ರಾಗ ನಮ್ಮ ಹುಡಿಗೀ ಕೈ ತಣ್ಣಗಾಗತಾವ. ಪ್ರತಿ ಚೆಂಡು ಬಿಟ್ಟ ಹೊತ್ತು, ಗೊಂಬಿ ಬಿದ್ದ ಹೊತ್ತು, ಎರಡೂ ಪುಸ್ತಕದಾಗ ಬರೀರಿ. ಎಷ್ಟು ತಡಾ ಆಗತೈತಂತ ನಾಕ ಮಂದಿಗೆ ಗೊತ್ತಾಗಲಿ." ನ್ಯಾಯದ ಮಾತು. ವೇದಿಕೆಯ ಮೇಲಿನ ದೊಡ್ಡ ಗಡಿಯಾರ ನೋಡಿ ಎರಡೂ ಹೊತ್ತು ಬರೆಯತೊಡಗಿದೆ. ಅಜ್ಜನಿಗೆ ಬಾಯಿ ಮುಚ್ಚಿಕೊಂಡು ಕೂರಲು ಹೇಳಿದೆ.

ಅಜ್ಜ ಬಾಯಿ ಮುಚ್ಚಿದ. ಆದರೆ ಮೈ ಮುಚ್ಚಲಾದೀತೆ? ಮರುದಿನ ಚೆಂಡು ಸ್ವಲ್ಪ ಎಡಕ್ಕೆ ಸರಿಯಿತು. ಅಜ್ಜ ಕೂತಲ್ಲೇ ಬಲಕ್ಕೆ ವಾಲಿದ. ಪಕ್ಕದವನೂ ವಾಲಿದ. ಅವನ ಪಕ್ಕದವನೂ. ರಾಮದುರ್ಗದ ಇಡೀ ಸಾಲು ಉಸಿರು ಬಿಗಿಹಿಡಿದು ಬಲಕ್ಕೆ ವಾಲಿತು. ತುದಿಯ ಪ್ಲಾಸ್ಟಿಕ್ ಕುರ್ಚಿಯ ಕಾಲು ಮುರಿಯಿತು.

ಚೆಂಡು ಏಳು ಗೊಂಬೆ ಕೆಡವಿತು. ಅಜ್ಜ ಎಂಟು ಮಂದಿಯನ್ನು ಕೆಡವಿದ್ದ.

೫. ಅಕ್ಕಿಕಾಳು

ನಾಗರ ಅಮಾವಾಸ್ಯೆ ಬಂತು. ಫೈನಲ್ಲಿಗೆ ಉಳಿದವರು ಇಬ್ಬರೇ, ಕಿತ್ತೂರಿನ ಹುಡುಗಿ ಮತ್ತು ಕಟಕೋಳದ ಹುಡುಗಿ. ಕಾರ್ಯಾಲಯದಲ್ಲಿ ಮುನ್ನೂರು ಮಂದಿ. ಎಲ್ಲರ ಮುಷ್ಟಿಯಲ್ಲೂ ಅಕ್ಕಿಕಾಳು.

ಮಧ್ಯಾಹ್ನ ಎರಡೂವರೆಗೆ ಬಾಗಿಲಲ್ಲಿ ನೋಡಿದರೆ ಅಪ್ಪ! ಬಗಲಲ್ಲಿ ಚೀಲ, ಚೀಲದಲ್ಲಿ ಪಂಚಾಂಗ. ಕ್ಷೌರಕ್ಕೆ ಹೋಗುವಾಗಲೂ ಅದನ್ನು ಬಿಟ್ಟು ಹೋಗುವವನಲ್ಲ.

"ಬಂದ್ಯಾ ಅಪ್ಪಾ?" ಅಂದೆ.

"ಆಷಾಢ ಅದ, ಕೆಲಸಿಲ್ಲ. ಬಸ್ಸು ಖಾಲಿ ಇತ್ತು, ಬಂದೆ" ಅಂದ. "ಆದರೂ ಅಮಾವಾಸ್ಯಿ ದಿನಾ ಯಾರರ ಫೈನಲ್ ಇಡ್ತಾರೇನೋ, ಗಾಂಪಾ?" ಅನ್ನುತ್ತ ಹೋಗಿ ಬಡಿಗ ಕಾಕಾನ ಪಕ್ಕ ಕೂತ.

ಆಟ ಸಮಸಮವಾಗಿ ನಡೆಯಿತು. ಕಿತ್ತೂರಿನ ಹುಡುಗಿ ತನ್ನ ಸರದಿಗಳನ್ನೆಲ್ಲ ಮುಗಿಸಿ ಕೂತಳು. ಕಟಕೋಳದವಳಿಗೆ ಉಳಿದದ್ದು ಒಂದೇ ಚೆಂಡು, ಎದುರಿಗೆ ಎರಡೇ ಗೊಂಬೆ. ಎರಡೂ ಬಿದ್ದರೆ ಬೆಂಗಳೂರು ಇವಳಿಗೆ. ಒಂದು ನಿಂತರೂ ಕಿತ್ತೂರಿನವಳಿಗೆ.

ಹುಡುಗಿ ಬಗ್ಗಿ ಚೆಂಡು ಬಿಟ್ಟಳು. ನಾನು ಹೊತ್ತು ಬರೆದೆ. ಚೆಂಡು ಹೊರಟಿತು. ಮುನ್ನೂರು ಜನ ಅದರ ಜೊತೆ ಕತ್ತು ತಿರುಗಿಸುತ್ತಿದ್ದರು. ಅಜ್ಜನಿಗೆ ತಡೆಯಲಾಗಲಿಲ್ಲ. "ಹೋಯ್! ಬಲಕ್ಕ! ಬಲಕ್ಕ ಬಾ ನನ್ನಪ್ಪಾ!" ಅಂತ ಚೀರಿದ. ಚೆಂಡು ಬಂತು, ಒಂದು ಗೊಂಬೆಯನ್ನು ಕೆಡವಿತು, ಇನ್ನೊಂದರ ಹತ್ತಿರ ಹಾದುಹೋಯಿತು. ಮುಟ್ಟಿತೋ, ಬರೀ ಗಾಳಿ ತಾಗಿತೋ, 'ಗಡಗಡ' ತೂರಾಡತೊಡಗಿತು ಆ ಗೊಂಬೆ.

"ನಿಲ್ಲಲೇ ಮಗನ!" ಅಂದ ಬಡಿಗ ಕಾಕಾ.

"ಬೀಳಲೇ ಹುಲಿ!" ಅಂದ ಅಜ್ಜ.

ನಾನು ಅಂಪೈರು. ಇಬ್ಬರನ್ನೂ ಸುಮ್ಮನಾಗಿಸಬೇಕು ಅಂತ ಸಿಟ್ಟಿನಿಂದ ಕೈ ಎತ್ತಿದೆ.

ನಾನು ಕೈ ಎತ್ತಿದರೆ ಏನಾಗಬೇಕು ಅಂತ ನಾನೇ ನಿಯಮ ಮಾಡಿದ್ದೆನಲ್ಲ! ವಾಜಂತ್ರಿಯವರು ತಿಂಗಳ ಮೈಗಳ್ಳತನವನ್ನೆಲ್ಲ ಕೊಡವಿ ಗಟ್ಟಿಮೇಳ ಬಾರಿಸಿದರು. ಡೋಲು ಕಾರ್ಯಾಲಯವನ್ನೇ ನಡುಗಿಸಿತು. ಮುನ್ನೂರು ಮುಷ್ಟಿ ಬಿಚ್ಚಿಕೊಂಡವು. ಅಕ್ಕಿಕಾಳಿನ ಮಳೆ ಸುರಿಯಿತು, ಹುಡುಗಿಯ ಮೇಲೆ, ನನ್ನ ಮೇಲೆ, ಗೊಂಬೆಯ ಮೇಲೆ. ಮಳೆ ನಿಂತಾಗ ಗೊಂಬೆ ಬಿದ್ದಿತ್ತು. ರೂಢಿಯಂತೆ ಗಡಿಯಾರ ನೋಡಿ ಆ ಹೊತ್ತನ್ನೂ ಬರೆದೆ.

ರಾಮದುರ್ಗದವರು ಕುಣಿದರು. ಅಕ್ಕೋರು ಗೊಂಬೆಗಳ ಹತ್ತಿರ ಓಡಿಬಂದರು. "ಮುಟ್ಟಬ್ಯಾಡ್ರಿ ಯಾರೂ! ಇದು ಚೆಂಡಿಗೆ ಬಿದ್ದದ್ದಲ್ಲ. ಅಕ್ಕಿಕಾಳಿಗೆ ಬಿದ್ದದ್ದು."

"ಹಳದಿ ನೋಡಿದ್ರ ಗೊತ್ತಾಗತದಲ್ರಿ" ಅಂತ ನಾನು ಧೈರ್ಯದಿಂದ ಬಗ್ಗಿದೆ. ಹಳದಿ ಇತ್ತು. ಬುಡದಿಂದ ತಲೆಯತನಕ ಹಳದಿ. ಅಕ್ಕಿಕಾಳಿಗೆ ಹಚ್ಚಿದ ಅರಿಷಿಣ ಗೊಂಬೆಗೂ, ನೆಲಕ್ಕೂ, ನನ್ನ ಅಂಗಿಗೂ ಬಳಿದುಕೊಂಡಿತ್ತು. ನನ್ನ ನಿಯಮದ ಪ್ರಕಾರ ನಾನೂ ಬಿದ್ದಂತೆಯೇ.

"ಚೆಂಡು ಇನ್ನೊಮ್ಮೆ ಬಿಡಸ್ರಿ" ಅಂದರು ಅಕ್ಕೋರು.

ಆಗ ಅವ್ವಾರು ಎದ್ದರು. "ಅಕ್ಕಿಕಾಳು ಬಿದ್ದಮ್ಯಾಲ ಇನ್ನೊಮ್ಮೆ ಅನ್ನೂದು ಎಲ್ಯರ ಐತೇನವಾ? ಈ ಕಾರ್ಯಾಲಯದಾಗ ಗಟ್ಟಿಮೇಳ ಆಗಿ, ಅಕ್ಕಿಕಾಳು ಬಿದ್ದ ಯಾವ ಕಾರ್ಯಾನೂ ಇನ್ನೊಮ್ಮೆ ಮಾಡಿಲ್ಲ. ಬಿದ್ದದ್ದು ಬಿತ್ತು."

ಅಕ್ಕೋರು ಬಿಡುವವರಲ್ಲ. "ಖರೇ ಅವ್ವಾರ. ಆದ್ರ ಇದು ಆಷಾಢ. ಆಷಾಢದಾಗ ಬಿದ್ದ ಅಕ್ಕಿಕಾಳು ಲೆಕ್ಕಕ್ಕ ಬರತೈತೇನ್ರಿ?"

ಅವ್ವಾರು ಸೆರಗು ಸರಿಮಾಡಿಕೊಂಡು ಕೂತರು. ಮುನ್ನೂರು ಮಂದಿ ನನ್ನ ಮುಖ ನೋಡಿದರು. ಹುಡುಗಿಯೂ ನೋಡಿದಳು, ಕಣ್ಣಲ್ಲಿ ನೀರು. ತಪ್ಪು ಅವಳದಲ್ಲ, ಕೈ ಎತ್ತಿದ ನನ್ನದು. ನನ್ನ ನಿಯಮದ ಪುಸ್ತಕದಲ್ಲಿ ಆಷಾಢದ ಮಾತೇ ಇರಲಿಲ್ಲ. ನಾನು ಅಪ್ಪನ ಮುಖ ನೋಡಿದೆ.

ಅಪ್ಪ ನಿಧಾನವಾಗಿ ಎದ್ದ. ಚೀಲದಿಂದ ಪಂಚಾಂಗ ತೆಗೆದ, ಕನ್ನಡಕ ಹಾಕಿದ, ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದ.

"ಅಮಾವಾಸ್ಯಿ ಮೂರು ಗಂಟಿ ನಲವತ್ತು ನಿಮಿಷಕ್ಕ ಮುಗೀತದ. ಅಲ್ಲಿಂದ ಶ್ರಾವಣ. ಕಾರ್ಯಕ್ಕ ಆ ಕ್ಷಣದ ತಿಥಿ ನೋಡಬೇಕು" ಅಂದ. "ಚೆಂಡು ಬಿಟ್ಟದ್ದು ಯಾವಾಗ?"

ಅಕ್ಕೋರು ಹಟ ಹಿಡಿದು ಬರೆಸಿದ ಹೊತ್ತು ಪುಸ್ತಕದಲ್ಲಿತ್ತು. "ಮೂರು ಮೂವತ್ತೊಂಬತ್ತು" ಅಂತ ಓದಿದೆ. ಕಿತ್ತೂರಿನವರು ಹೋ ಅಂದರು.

"ತಡೀರಿ. ಗೊಂಬಿ ಬಿದ್ದದ್ದು?"

ಕೆಳಗಿನ ಸಾಲಿಗೆ ಬೆರಳಿಟ್ಟು ಓದಿದೆ. "ಮೂರು ನಲವತ್ತು."

ಅಪ್ಪ ಪಂಚಾಂಗ ಮುಚ್ಚಿದ. "ಹುಡಿಗಿ ಆಷಾಢದಾಗ ಬಿಟ್ಟಾಳ, ಶ್ರಾವಣದಾಗ ಬಿದ್ದದ. ಅಕ್ಕಿಕಾಳು ಶ್ರಾವಣದ್ದು. ನಡೀತದ!"

ಆಗ ಎದ್ದ ಗದ್ದಲಕ್ಕೆ ಇನ್ನುಳಿದ ಎಂಟು ಗೊಂಬೆ ನಿಂತಿದ್ದರೆ ಅವೂ ಬೀಳುತ್ತಿದ್ದವು. ಒಂದು ಚೆಂಡು ಎರಡು ಮಾಸಗಳ ನಡುವೆ ಉರುಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾನು ಬಾಯಿ ತೆರೆದು ನಿಂತಿದ್ದೆ. ಅಪ್ಪ ನನ್ನ ಭುಜ ತಟ್ಟಿದ.

"ಇನ್ನ ಯಾಕ ನಿಂತಿ? ಊದು. ಇವತ್ತು ಮುಟ್ಟತದ."

ಊದಿದೆ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಉದ್ದದ ಸೀಟಿ ನಾನು ಊದಿರಲಿಲ್ಲ.

ಅಕ್ಕೋರು ದೊಡ್ಡ ಮನಸ್ಸಿನವರು. ಹುಡುಗಿಯ ಬೆನ್ನು ಸವರಿದರು. ಆಮೇಲೆ ಸಾವಕಾರ್ರ ಕಡೆ ತಿರುಗಿದರು. "ಒಪ್ಪಿದೆವ್ರಿ. ಶ್ರಾವಣದ ಅಕ್ಕಿಕಾಳು ಬಿದ್ದಾವ, ಆಚಾರ್ರು ಹೇಳ್ಯಾರ. ಹಂಗಾದ್ರ ಊಟ ಎಲ್ಲೈತಿ?"

ಮುನ್ನೂರು ಮಂದಿ ಆಗಲೇ ಊಟದ ಮನೆಯ ಕಡೆ ನಡೆದಿದ್ದರು. ಇಸ್ಪೀಟು ಎಸೆದು ಅಡಿಗೆಯವರು ಓಡಿದರು. ಶಿರಾ, ಅನ್ನ, ಸಾರು ಆಗುವಷ್ಟರಲ್ಲಿ ಹೊತ್ತು ಇಳಿದಿತ್ತು. ಎಲ್ಲರೂ ಪಂಕ್ತಿಯಲ್ಲಿ ಕೂತರೂ ಬಡಿಗ ಕಾಕಾ ಮಾತ್ರ ಕೂರಲೊಲ್ಲ. ಆ ಕೊನೆಯ ಗೊಂಬೆಯನ್ನು ಟವೆಲ್ಲಿನಲ್ಲಿ ಸುತ್ತಿ ಕಟಕೋಳದ ಹುಡುಗಿಯ ಉಡಿಗೆ ಹಾಕಿ, "ಚಲೋತ್ನಂಗ ನೋಡ್ಕೋ ತಂಗಿ" ಅಂತ ಕಣ್ಣೊರೆಸಿಕೊಂಡು, ಸಾರಿನ ಬಕೀಟು ಹಿಡಿದು ಬಡಿಸುತ್ತ ಹೊರಟ.

"ಕಾಕಾ, ಊಟಕ್ಕ ಕೂಡು" ಅಂದೆ.

"ಹೆಂಗ ಕುಂದರಲಿ ಮಾಸ್ತರ? ಮನಿ ಗೊಂಬಿ ಕೊಟ್ಟಮ್ಯಾಲ ನಾ ಹೆಣ್ಣಿನ ಕಡಿಯಾಂವ. ಎಲ್ಲಾರೂ ಉಂಡಮ್ಯಾಲ ಉಣಬೇಕು" ಅಂದ.

ಹುಡುಗಿ ಬೆಂಗಳೂರಿಗೆ ಹೋದಳು, ಜೊತೆಗೆ ನಾನೂ ಹೋದೆ. ಎಷ್ಟನೆಯವಳಾಗಿ ಬಂದಳು ಅಂತ ಕೇಳಬೇಡಿ. ಮೊದಲ ಚೆಂಡು ಬಿಟ್ಟವಳು ಗೊಂಬೆಗಳ ಕಡೆ ನೋಡಲೇ ಇಲ್ಲ. ಚೆಂಡು ತಿರುಗಿ ಬರುವ ಬಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಒಳಗೆ ಗುಡುಗುಡು ಸದ್ದಾಯಿತು. ಚೆಂಡು ಮೆಲ್ಲಗೆ ತಲೆ ಹೊರಗೆ ಹಾಕಿತು. ಹುಡುಗಿ ನನ್ನ ಫೋನು ಕಸಿದುಕೊಂಡು ಕಟಕೋಳಕ್ಕೆ ಹಚ್ಚಿ ಚೀರಿದಳು:

"ಅಜ್ಜಾ, ಬಂತು! ಮಾಸ್ತರು ಸುಳ್ಳ ಹೇಳಿಲ್ಲ! ತಾನ ತಿರಗಿ ಬಂತು!"

ಆ ಕಡೆಯಿಂದ ಅಜ್ಜನ ದನಿ, ಹೊಲದಲ್ಲಿ ನಿಂತು ಕೂಗುವಷ್ಟು ಜೋರಾಗಿ, ಅಲ್ಲಿದ್ದವರಿಗೆಲ್ಲ ಕೇಳಿಸಿತು:

"ಚೆಂಡಿಗೇ ಅಷ್ಟ ಬುದ್ಧಿ ಐತಂದ್ರ ನೀನೂ ಲಗೂನ ತಿರಗಿ ಬಾರವಾ. ಶೇಂಗಾದಾಗ ಕಳೆ ಎದ್ದೈತಿ!"